ಡಾಕ್ಟರ ಕೀಲಿ, ವರ್ಲೀನಾಳ ಕೊರಳು

ಕೆಂಟಕಿಯ ನಮ್ಮ ಕಣಿವೆಗೆಲ್ಲ ಇರುವುದು ಒಬ್ಬನೇ ಡಾಕ್ಟರು, ಪ್ರೇಟರ್. ಆತನ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚುವುದರಿಂದ ಹಿಡಿದು ಆತನ ಕಾಫಿಗೆ ಸಕ್ಕರೆ ಕದಡುವವರೆಗೆ ಎಲ್ಲ ಕೆಲಸವೂ ನರ್ಸ್ ವರ್ಲೀನಾಳದೇ ಆಗಿತ್ತು. ಅವಳ ಮನೆ ಹಳ್ಳದ ಆಚೆ, ನನ್ನದು ಈಚೆ. ಅವಳಿಗೆ ಆದದ್ದು ನೆನೆದರೆ ನನಗೆ ಸಿಟ್ಟು ತಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನೋವಿನ ಗಟ್ಟಿ ಮಾತ್ರೆಗಳಿಗೆ ಇನ್ನು ಮೇಲೆ ಕೈಬರಹದ ಚೀಟಿ ನಡೆಯದು, ಕಂಪ್ಯೂಟರಿನಿಂದಲೇ ಔಷಧಿ ಅಂಗಡಿಗೆ ಕಳಿಸಬೇಕು ಎಂದು ಕಾನೂನು ಬಂತು. ಅದಕ್ಕೆ ಡಾಕ್ಟರ ಪಾಸ್‌ವರ್ಡ್ ಸಾಲದು, ಬೆರಳುದ್ದದ ಪುಟ್ಟ ಯಂತ್ರವೊಂದರಲ್ಲಿ ಆ ಗಳಿಗೆಗೆ ಮೂಡುವ ಅಂಕಿಯೂ ಬೇಕು. ಆ ಯಂತ್ರ ಡಾಕ್ಟರ ಕೈಬಿಟ್ಟು ಹೋಗಬಾರದು. ನಾವೆಲ್ಲ ಅದನ್ನು ಕೀಲಿ ಎನ್ನುತ್ತಿದ್ದೆವು. ಕಂಪ್ಯೂಟರ್ ಕಂಡರೆ ಮೈ ಪರಚಿಕೊಳ್ಳುವ ಪ್ರೇಟರ್ ಅದನ್ನು ಗಾಳದ ದಾರಕ್ಕೆ ಕಟ್ಟಿ ವರ್ಲೀನಾಳ ಕೊರಳಿಗೆ ಹಾಕಿದ.

“ನನ್ ಕೈ ಆದ್ರೇನು, ನಿನ್ ಕೈ ಆದ್ರೇನು? ನಾನ್ ಹೇಳ್ತೀನಿ, ನೀನ್ ಒತ್ತು.”

“ಕಾನೂನು ಒಪ್ಪಲ್ಲ ಡಾಕ್ಟ್ರೇ.”

“ಕಾನೂನು ಮಾಡ್ದೋನು ಬಂದು ಇಲ್ಲಿ ರೋಗಿ ನೋಡ್ತಾನೇನು? ಸುಮ್ನೆ ಒತ್ತಮ್ಮ.”

ವರ್ಷಗಟ್ಟಲೆ ಒತ್ತಿದಳು. ಒಂದು ದಿನ ತಪಾಸಣೆಯವರು ಬಂದರು. ಡಾಕ್ಟರು ಮೀನು ಹಿಡಿಯಲು ಹೋಗಿದ್ದ, ಕೀಲಿ ಇವಳ ಕೊರಳಲ್ಲಿತ್ತು. ವಿಚಾರಣೆಯಲ್ಲಿ ಪ್ರೇಟರ್ ಬೈಬಲ್ ಮೇಲೆ ಕೈಯಿಟ್ಟು, “ಕದ್ದಿದಾಳೆ. ನಂಗೆ ಗೊತ್ತೇ ಇರ್ಲಿಲ್ಲ” ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆತನಿಗೆ ಬುದ್ಧಿವಾದ ಹೇಳಿ ಬಿಟ್ಟರು, ಇವಳ ನರ್ಸ್ ಪರವಾನಗಿ ರದ್ದಾಯಿತು. ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯಲು ಸೇರಿದಳು. ಚರ್ಚಿನಲ್ಲಿ ಇವಳು ಪಕ್ಕದಲ್ಲಿ ಕೂತರೆ ಹೆಂಗಸರು ಕೈಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಿದ್ದರು. ಅವರ ಮಕ್ಕಳಿಗೆಲ್ಲ ಸೂಜಿ ಹಾಕಿ ಸಮಾಧಾನ ಮಾಡಿದವಳು ಇವಳೇ. ಥೂ!

ಆಮೇಲೆ ಅವಳ ಗಂಡ ಎಸ್ಟಿಲ್‌ಗೆ ಕ್ಯಾನ್ಸರ್ ಮೂಳೆಗಿಳಿಯಿತು. ಕಲ್ಲಿದ್ದಲ ಗಣಿಯಲ್ಲಿ ಬಂಡೆ ಬಿದ್ದಾಗಲೂ ಬಾಯಿಬಿಡದ ಗಂಡಸು, ಮಾರ್ಫಿನ್ ಮಾತ್ರೆಯ ಅಮಲು ಇಳಿಯುತ್ತಿದ್ದಂತೆ ಕರುವಿನಂತೆ ಕೂಗುತ್ತಿದ್ದ. ಮಾತ್ರೆಗೆ ಪ್ರೇಟರ್ ಬಿಟ್ಟರೆ ಗತಿಯಿಲ್ಲ. ವರ್ಲೀನಾ ಅವಮಾನ ನುಂಗಿಕೊಂಡು ಆತನ ಬಾಗಿಲಿಗೇ ಹೋದಳು.

ಏಪ್ರಿಲ್‌ನ ಒಂದು ಶುಕ್ರವಾರ ಮಾತ್ರೆ ಮುಗಿಯಿತು. ಬೆಳಿಗ್ಗೆ ಫೋನ್ ಮಾಡಿದರೆ ಡಾಕ್ಟರು, “ಈಗ್ಲೇ ಕಳಿಸ್ತೀನಿ” ಎಂದ. ಟರ್ಕಿ ಕೋಳಿ ಬೇಟೆಯ ಕಾಲ, ಮಾತು ಮರೆತು ಬಂದೂಕು ಹಿಡಿದು ಬೆಟ್ಟ ಹತ್ತಿದ. ಅಲ್ಲಿ ಫೋನ್ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದು ನಾವು ಎಸ್ಟಿಲ್‌ನನ್ನು ಎತ್ತಲು ಹೋದೆವು. ಅವನು ಕಿರುಚಿದ್ದಕ್ಕೆ ಹೆದರಿ ಮತ್ತೆ ಮಲಗಿಸಿದೆವು.

ವರ್ಲೀನಾಳೊಡನೆ ನಾನೂ ಕ್ಲಿನಿಕ್ಕಿಗೆ ಓಡಿದೆ. ಹೊಸ ನರ್ಸ್ ಟಾನ್ಯಾ ಬಾಗಿಲು ಹಾಕುತ್ತಿದ್ದಳು. ಅವಳ ಕೊರಳಲ್ಲಿ ಅದೇ ಗಾಳದ ದಾರ.

“ಮಗಾ, ಡಾಕ್ಟ್ರು ಒಪ್ಕೊಂಡಿದಾರೆ. ಒಂದ್ಸಲ ಒತ್ತಮ್ಮ. ಅವ್ರ ಸಂಕಟ ನೋಡಕ್ಕಾಗ್ತಿಲ್ಲ.”

ಟಾನ್ಯಾ ದಾರವನ್ನು ಅಂಗಿಯೊಳಗೆ ತುರುಕಿಕೊಂಡಳು. “ಬೇರೆ ಯಾರಾದ್ರೂ ಕೇಳಿದ್ರೆ ಒತ್ತುತಿದ್ನೋ ಏನೋ ಅಕ್ಕಾ. ಆದ್ರೆ ನಿಮ್ಗೆ ಒತ್ಲಾ? ಮಾತ್ರೆಕಳ್ಳಿ ಮನೆಗೆ ಕಳಿಸ್ದೆ ಅಂತಾರೆ. ನಿಮ್ ಗತಿ ಏನಾಯ್ತು ಅಂತ ಕಣ್ಣಾರೆ ಕಂಡಿದೀನಿ.”

ವರ್ಲೀನಾ ಮೊಣಕಾಲೂರಿದಳು. ಆ ಹುಡುಗಿ ಅಳುತ್ತಲೇ ಕಾರು ಹತ್ತಿ ಹೋಯಿತು.

ಡಾಕ್ಟರು ಬೆಟ್ಟ ಇಳಿಯಲಿಲ್ಲ. ಎಸ್ಟಿಲ್ ಭಾನುವಾರದವರೆಗೆ ಕೂಗಿದ. ಹಳ್ಳದ ಈಚೆ ನಾನು ಕಿಟಕಿ ಮುಚ್ಚಿಕೊಂಡರೂ ಕೇಳುತ್ತಿತ್ತು. ಚರ್ಚ್ ಬಿಡುವ ಹೊತ್ತಿಗೆ ಕೂಗು ನಿಂತಿತು.

ಹೆಣದ ದರ್ಶನಕ್ಕೆ ಊರೇ ಬಂತು, ಹುರುಳಿಕಾಯಿ ಪಲ್ಯ, ಜೋಳದ ಬ್ರೆಡ್ಡು ಹೊತ್ತುಕೊಂಡು. ಪ್ರೇಟರ್ ತಾನು ಹೊಡೆದ ಟರ್ಕಿಯನ್ನೇ ಹುರಿಸಿ ತಂದಿದ್ದ. ಶವಪೆಟ್ಟಿಗೆಯ ಪಕ್ಕದಲ್ಲೇ ಟಾನ್ಯಾಳನ್ನು ಗದರಿದ.

“ನಿನ್ ಕೊರಳಲ್ಲೇ ಇತ್ತಲ್ಲೇ ದಡ್ಡಿ, ಒತ್ತೋಕೇನಾಗಿತ್ತು? ನನ್ ಕೈ ಆದ್ರೇನು, ನಿನ್ ಕೈ ಆದ್ರೇನು?”

ಮಾತು ಎಲ್ಲರಿಗೂ ಕೇಳಿಸಿತು. ವರ್ಲೀನಾ ತಲೆಯೆತ್ತಿ ಚರ್ಚಿನ ಹೆಂಗಸರತ್ತ ಒಬ್ಬೊಬ್ಬರನ್ನಾಗಿ ನೋಡಿದಳು. ಈಗಲಾದರೂ ಯಾರಾದರೂ ಒಂದು ಮಾತಾಡುತ್ತಾರೆಂದು ಕಾದಳು. ಒಬ್ಬಾಕೆ ಮೆಲ್ಲಗೆ ಮುಂದೆ ಬಂದು, “ಡಾಕ್ಟ್ರೇ, ತಟ್ಟೆ ತಗೊಳ್ಳಿ, ಟರ್ಕಿ ಆರೋಗತ್ತೆ” ಎಂದಳು.