ಕಾಮಕ್ಕ ಅಳೆದ ಕರುಳು

ವಿಚಿತ್ರ ಅನುಭವಗಳು ಅಮಾವಾಸ್ಯೆಯ ರಾತ್ರಿ, ಹುಣಿಸೆಮರದ ಬುಡದಲ್ಲಿ ಆಗಬೇಕೆಂಬ ನಿಯಮವಿದೆ. ನನಗಾದದ್ದು ತಮಿಳು ಸೀಮೆಯ ಬೋಡಿನಾಯಕನೂರಿನಲ್ಲಿ, ಹಾಡುಹಗಲು ಮೂರು ಗಂಟೆಗೆ, ಮೊಸರನ್ನ ಉಂಡ ಮೇಲೆ. ಇದನ್ನು ವಿಚಿತ್ರವೆನ್ನುವ ಅಧಿಕಾರ ನನಗಿದೆಯೋ ಇಲ್ಲವೋ, ಓದುಗರೇ ಹೇಳಬೇಕು. ಅದುವರೆಗೆ ಇಂಥ ಕಥೆ ಹೇಳುವವರನ್ನು ನಾನು ನಂಬಿದವನಲ್ಲ. ಯಾರಾದರೂ ಶುರು ಮಾಡಿದರೆ ಮಾತಾಡದೆ ಅವರ ನಾಡಿ ಹಿಡಿದು ನೋಡುತ್ತಿದ್ದೆ. ವೈದ್ಯನಾದವನು ಸಭ್ಯವಾಗಿ ಬಯ್ಯುವುದು ಹಾಗೆ.

ತೊಂಬತ್ತರ ದಶಕದ ಕೊನೆ. ಹತ್ತು ಹಾಸಿಗೆಯ ಪುಟ್ಟ ಆಸ್ಪತ್ರೆ ನನ್ನದು. ಹತ್ತಿರದ ತೇವಾರ ಊರಿನ ರಂಗಸಾಮಿ ಎಂಬಾತ ಬಂದ. ಘಟ್ಟದ ಮೇಲಿನ ಏಲಕ್ಕಿ ತೋಟದಲ್ಲಿ ಮೇಸ್ತ್ರಿ, ನಮ್ಮವರೇ, ಮನೆಯಲ್ಲಿ ಕನ್ನಡ ಮಾತಾಡುವವರು. ಅಂಗಿಯನ್ನು ಗೂಟಕ್ಕೆ ತಗುಲಿಸಿದ ಹಾಗಿದ್ದ. ದಿನಕ್ಕೆ ಹತ್ತು ಹನ್ನೆರಡು ಸಲ ಭೇದಿ, ಉಂಡದ್ದು ಉಂಡ ಹಾಗೇ ಹೋಗುತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ ಅಮೀಬಾಕ್ಕೆ ಔಷಧಿ ಕೊಟ್ಟೆ. ಹತ್ತು ದಿನದಲ್ಲಿ ಅಮೀಬಾ ಇದ್ದಿದ್ದರೆ ಸತ್ತಿರಬೇಕು. ರಂಗಸಾಮಿಯೂ ಅದೇ ದಾರಿ ಹಿಡಿದಿದ್ದ.

ಆಗ ಹೊಟ್ಟೆಯ ಮೇಲಿನ ಗಾಯದ ಗುರುತಿನ ಬಗ್ಗೆ ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು. ಮನೆಯವರು ಒಕ್ಕೊರಲಿನಿಂದ "ಅಪೆಂಡಿಕ್ಸು" ಎಂದರು. ಗುರುತು ಎದೆಯ ಕೆಳಗಿನಿಂದ ಹೊಕ್ಕುಳ ದಾಟಿ ಇಳಿದಿತ್ತು. ಅಷ್ಟು ದೊಡ್ಡ ಅಪೆಂಡಿಕ್ಸು ಆನೆಗೂ ಇರಲಾರದು. ಗದರಿಸಿದ ಮೇಲೆ ನಿಜ ಹೊರಬಿತ್ತು. ಎರಡು ತಿಂಗಳ ಹಿಂದೆ ತೋಟದಲ್ಲಿದ್ದಾಗ ಸಣ್ಣಕರುಳು ತಿರುಚಿಕೊಂಡು ಕಪ್ಪಾಗಿತ್ತು. ಕೇರಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಬಹುಪಾಲು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಿದ್ದರು. ಮಗಳ ಸಂಬಂಧದ ಮಾತು ನಡೆಯುತ್ತಿತ್ತು. ಹುಡುಗಿಯ ಅಪ್ಪನಿಗೆ ಕರುಳೇ ಇಲ್ಲವೆಂದು ಬೀಗರ ಕಿವಿಗೆ ಬೀಳಬಾರದು, ಅದಕ್ಕೇ ಅಪೆಂಡಿಕ್ಸು.

ರೋಗವೇನೋ ತಿಳಿಯಿತು: ಕರುಳು ಗಿಡ್ಡವಾಗಿ ಆಹಾರ ಹೀರಲಾಗುತ್ತಿಲ್ಲ. ಎಷ್ಟು ಉಳಿದಿದೆ ಎಂಬುದೇ ಪ್ರಶ್ನೆ. ಒಂದು ಮೀಟರಿಗೆ ಮೇಲಿದ್ದು ದೊಡ್ಡಕರುಳೂ ಉಳಿದಿದ್ದರೆ ಅದಕ್ಕೆ ನಿಧಾನವಾಗಿ ಪಾಠ ಹೇಳಿ ಮನುಷ್ಯನನ್ನು ಬದುಕಿಸಬಹುದು. ಅರ್ಧ ಮೀಟರಿಗೂ ಕಡಿಮೆಯಿದ್ದರೆ ಮದುರೆಯ ದೊಡ್ಡಾಸ್ಪತ್ರೆಗೆ ಹೋಗಿ ರಕ್ತನಾಳದಲ್ಲೇ ಊಟ ಹರಿಸಿಕೊಳ್ಳಬೇಕು. ಆ ಕಾಲದಲ್ಲಿ ಅದೂ ಹೆಚ್ಚು ದಿನ ನಡೆಯುವ ಮಾತಲ್ಲ. ಲೆಕ್ಕವಿದ್ದ ಡಿಸ್ಚಾರ್ಜ್ ಕಾಗದವೋ, ಜೀಪಿನ ಮೇಲೆ ಹಾಸಿಗೆಯ ಜೊತೆ ಕಟ್ಟಿದ್ದು, ಘಟ್ಟದ ತಿರುವಿನಲ್ಲಿ ಹಾರಿಹೋಗಿತ್ತು. ಆ ಸರ್ಜನ್ನರಿಗೆ ಕಾಗದ ಬರೆದು ಏಲಕ್ಕಿ ಜೀಪಿನ ಡ್ರೈವರನ ಕೈಗೆ ಕೊಟ್ಟೆ. ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಮದುರೆಗೆ ಎಂದು ಹೇಳಿದೆ.

ಅಷ್ಟರಲ್ಲಿ ನಾನು ಇನ್ನೊಂದು ಘನಕಾರ್ಯ ಮಾಡಿದ್ದೆ: "ಚೆನ್ನಾಗಿ ನೀರು ಕುಡಿಸಿ" ಎಂದಿದ್ದೆ. ನಮ್ಮವರಲ್ಲಿ ರೋಗಿಯನ್ನು ನೋಡಲು ಬಂದವರು ಕುಡಿಯಲು ಏನಾದರೂ ತರಬೇಕು, ರೋಗಿ ಅವರೆದುರೇ ಕುಡಿದು ಮುಗಿಸಬೇಕು. ಅದು ದ್ರಾಕ್ಷಿಯ ಕಾಲ ಬೇರೆ. "ಒಂದೇ ಗುಟುಕು ಮಚ್ಚಾನ್, ನಾನೇ ನಿಂತು ಹಿಂಡಿಸ್ಕೊಂಡ್ ಬಂದೆ" ಎಂದು ಭಾವಮೈದುನರು ಒಬ್ಬೊಬ್ಬರೂ ಚೊಂಬು ಚೊಂಬು ಸುರಿದರು. ಬೇಡವೆಂದರೆ ನೆಂಟಸ್ತಿಕೆ ಮುರಿಯುತ್ತದೆ. ಗಿಡ್ಡ ಕರುಳಿನವನಿಗೆ ಬರೀ ನೀರು, ಸಿಹಿರಸ ಕುಡಿಸಿದಷ್ಟೂ ಮೈಯೊಳಗಿನ ಉಪ್ಪು ಕಳೆದುಹೋಗುತ್ತದೆ. ರಂಗಸಾಮಿಯ ಬೆರಳುಗಳು ಸೆಟೆದುಕೊಂಡ ದಿನ ನಾನು ಬಾಗಿಲು ಹಾಕಿಕೊಂಡು ಪುಸ್ತಕ ತೆಗೆದು ಓದಿ, ನಾಚಿಕೊಂಡು ಹೊರಗೆ ಬಂದೆ.

ಅವನ ದೊಡ್ಡಕ್ಕ ಕಾಮಕ್ಕ ಬೋಡಿಯ ಮಾರುಕಟ್ಟೆಯಲ್ಲಿ ಹೂ ಮಾರುವವಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ದಿಂಡುಗಲ್ಲಿನಿಂದ ಬಂದ ಮಲ್ಲಿಗೆಯನ್ನು ಅವನ ಮಂಚದ ಬಳಿಯೇ ಕೂತು ಕಟ್ಟುತ್ತಿದ್ದಳು. ಗುರುವಾರ ಮಧ್ಯಾಹ್ನ ನಾನು ವಾರ್ಡಿಗೆ ಹೋದಾಗ ಹೂ ಪಕ್ಕಕ್ಕಿಟ್ಟು, ಎಡಗೈಯನ್ನು ತಮ್ಮನ ಹೊಟ್ಟೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ನೂಲಿನ ಉಂಡೆಯಿಂದ ದಾರ ಎಳೆಯುತ್ತಿದ್ದಳು. ಕಣ್ಣು ಮುಚ್ಚಿದ್ದಳು. ಎಳೆ ನಿಧಾನವಾಗಿ ಬರುತ್ತಿತ್ತು. ಒಂದು ಕಡೆ ಕೈ ನಿಂತಿತು. ದಾರವನ್ನು ಹಲ್ಲಿನಿಂದ ಕಡಿದು ನನ್ನ ಕೈಗೆ ಕೊಟ್ಟಳು. ಅವಳ ಬಾಯಲ್ಲಿ ಡಾಕ್ಟರೂ ತಂಬಿಯೇ, ತಮ್ಮನೇ.

"ಇಷ್ಟು ಐತೆ ತಂಬೀ, ಇವನ ಕರಳು. ಸಾಕು. ಮದುರೆ ಏನುಕ್ಕೆ?"

"ಅಕ್ಕಾ, ಮೊಳ ಹಾಕೋಕೆ ಇದೇನು ಮಲ್ಲಿಗೆಯಾ?"

"ಮಲ್ಲಿಗೆ ಆಗಿದ್ರೆ ಸೊಲ್ಪ ಹಿಡಿದೇ ಅಳೀತಿದ್ದೆ. ಇವ ನನ್ ತಮ್ಮ. ಇವನ್ಗೆ ಕಮ್ಮಿ ಅಳೀತೀನಾ?"

ನಕ್ಕೆ. ದಾರವನ್ನು ಸುತ್ತಿ ಅವನ ಕೇಸ್ ಶೀಟಿಗೆ ಗುಂಡುಪಿನ್ನಿನಿಂದ ಚುಚ್ಚಿಟ್ಟೆ. ವೈದ್ಯಶಾಸ್ತ್ರಕ್ಕೆ ನಮ್ಮೂರಿನ ಕಾಣಿಕೆಯೆಂದು ಮುಂದೆ ಸ್ನೇಹಿತರಿಗೆ ತೋರಿಸಲು.

ಮರುದಿನ ಬೆಳಿಗ್ಗೆ ಜೀಪು ಇಳಿದು ಬಂತು, ಉತ್ತರವೂ ಬಂತು. ಅಂಟಿಸಿದ ಲಕೋಟೆ, ಒಡೆದವನು ನಾನೇ. ದೊಡ್ಡಕರುಳು ಪೂರ್ತಿ ಉಳಿದಿದೆ, ಸಣ್ಣಕರುಳು ನೂರಾ ಹದಿನೆಂಟು ಸೆಂಟಿಮೀಟರ್, ಎಂದು ಬರೆದಿದ್ದರು. ರಂಗಸಾಮಿ ಬದುಕುತ್ತಾನೆ! ಆ ಸಂತೋಷದಲ್ಲಿ, ಬರೀ ತಮಾಷೆಗೆ, ಎದುರಿನ ದರ್ಜಿಯಿಂದ ಟೇಪು ತರಿಸಿ ದಾರವನ್ನು ಮೇಜಿನ ಮೇಲೆ ಹಾಸಿದೆ. ನೂರಾ ಹದಿನೆಂಟು. ದಾರ ಸಡಿಲ ಬಿಟ್ಟು ಅಳೆದೆ, ಕಾಂಪೌಂಡರನ ಕೈಯಿಂದ ಅಳೆಸಿದೆ, ಕೊನೆಗೆ ಟೇಪಿನ ಮೇಲೇ ಸಂಶಯಪಟ್ಟು ಇನ್ನೊಂದು ಟೇಪು ತರಿಸಿದೆ. ದರ್ಜಿಗೆ ನನ್ನ ಮೇಲೆ ಸಂಶಯ ಬಂತೇ ಹೊರತು ಅಳತೆ ಬದಲಾಗಲಿಲ್ಲ.

ಮದುರೆ ತಪ್ಪಿತು, ಪಾಠ ಶುರುವಾಯಿತು. ದಿನಕ್ಕೆ ಎಂಟು ಸಲ ಸ್ವಲ್ಪ ಸ್ವಲ್ಪ ಅನ್ನ, ಇಡ್ಲಿ, ಎಣ್ಣೆ ಕಡಿಮೆ, ಮೂತ್ರಪಿಂಡದಲ್ಲಿ ಕಲ್ಲಾದೀತೆಂದು ಸೊಪ್ಪು ಕಡಿಮೆ, ಊಟಕ್ಕೆ ಅರ್ಧ ಗಂಟೆ ಮೊದಲು ಭೇದಿ ತಡೆಯುವ ಮಾತ್ರೆ, ತಿಂಗಳಿಗೊಂದು ವಿಟಮಿನ್ ಸೂಜಿ, ನೀರಿನ ಬದಲು ಉಪ್ಪು ಸಕ್ಕರೆ ಹದವಾಗಿ ಬೆರೆಸಿದ ನೀರು, ಗುಟುಕು ಗುಟುಕಾಗಿ. ಕಾಮಕ್ಕ ಬಾಗಿಲಲ್ಲಿ ಹೂಬುಟ್ಟಿ ಇಟ್ಟುಕೊಂಡು ಕಾವಲು ಕೂತಳು. ಚೊಂಬು ಹಿಡಿದು ಬಂದವರಿಗೆ, "ಅವನ್ಗಾ ತಂದೆ? ಶೆರಿ, ನೀನೇ ಕುಡಿ, ನಾ ನೋಡ್ತೀನಿ" ಎನ್ನುತ್ತಿದ್ದಳು. ಅವಳೆದುರು ಕುಡಿದು ಮುಗಿಸದೆ ಯಾರಿಗೂ ಬಿಡುಗಡೆಯಿರಲಿಲ್ಲ. ಬೀಗರಾಗುವವರೇ ಎರಡು ಚೊಂಬು ದ್ರಾಕ್ಷಿರಸ ಕುಡಿದು ಹೋದರು. ಆರು ತಿಂಗಳಲ್ಲಿ ರಂಗಸಾಮಿಯ ಅಂಗಿಯೊಳಗೆ ಮತ್ತೆ ಮನುಷ್ಯ ತುಂಬಿಕೊಂಡ. ಮಗಳ ಮದುವೆ ಮುಗಿಸಿ ತೋಟಕ್ಕೆ ಹತ್ತಿದ.

ನಾನು ಎಲ್ಲ ಸಾಧ್ಯತೆಗಳನ್ನೂ ಯೋಚಿಸಿದ್ದೇನೆ. ಕಾಮಕ್ಕ ಆ ಕೇರಳದ ಆಸ್ಪತ್ರೆಯ ಮುಖ ನೋಡಿರಲಿಲ್ಲ. ಅವಳಿಗೆ ಓದು ಬಾರದು, ಸೆಂಟಿಮೀಟರ್ ಎಂದರೇನೆಂದೂ ಗೊತ್ತಿರಲಿಲ್ಲ. ಆಕಸ್ಮಿಕವೆನ್ನಬಹುದು, ಹಾಗೆಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಹೇಳುವಾಗ ನನ್ನ ದನಿ ನನಗೇ ಅಷ್ಟು ಹಿಡಿಸುವುದಿಲ್ಲ.

ಒಮ್ಮೆ ಮಾರುಕಟ್ಟೆಯಲ್ಲಿ ನೇರವಾಗಿ ಕೇಳಿಯೇಬಿಟ್ಟೆ. "ಹೇಗೆ ಅಳೆದೆ ಅಕ್ಕಾ?"

"ಕೈ ನಿಂತ ಕಡೆ ನಿಲ್ಲಿಸ್ದೆ. ಬೇರೆ ಏನೈತೆ ಅದ್ರಾಗೆ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಉಂಡೆ ಕೈಗೆತ್ತಿಕೊಂಡಳು. "ನಂಬಿಕೆ ಬರಲಿಲ್ವಾ? ಬಾ ತಂಬೀ, ನಿಂದೂ ಅಳೀತೀನಿ. ಎಷ್ಟು ದಿನ ಐತೋ ಅದೂ ನೋಡೋಣ."

ವಿಜ್ಞಾನ ಓದಿದವನು, ಇಂಥದ್ದನ್ನೆಲ್ಲ ನಂಬದವನು, ನಾನು ಎರಡೂ ಕೈ ಹೊಟ್ಟೆಗೆ ಅಡ್ಡ ಹಿಡಿದು ಮೂರು ಹೆಜ್ಜೆ ಹಿಂದೆ ಸರಿದೆ. ಏಕೆ ಸರಿದೆನೋ ಇವತ್ತಿಗೂ ಗೊತ್ತಿಲ್ಲ.