ಡಾಕ್ಟರ್ ಬಾಯಿ ಆರಿಸಿದ ಟೈರು

ಕಳೆದ ವಾರ ಹುಮನಾಬಾದಿನ ಹೆದ್ದಾರಿ ಪಕ್ಕದ ಟೈರ್ ಅಂಗಡಿಗೆ ನನ್ನ ಕಾರು ಒಯ್ದಿದ್ದೆ. ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಯಾವ ಕೆಲಸವಾದರೂ ನನ್ನದು ಹಾಗೆಯೇ. ಶಟರ್ ಮೇಲೆದ್ದ ಕೂಡಲೇ ಒಳಗಿನ ಕಾವಿನೊಂದಿಗೆ ಹೊಸ ರಬ್ಬರಿನ ವಾಸನೆ ಮುಖಕ್ಕೆ ಬಂತು. ಅದರ ಹಿಂದೆಯೇ ಅವರ ನೆನಪೂ ಬಂತು… ನಮ್ಮ ಪಕ್ಕದ ಮನೆಯ ಡಾಕ್ಟರ್ ಬಾಯಿ.

ನಮ್ಮ ಕಡೆ ಹೆಂಗಸರನ್ನು ಗೌರವದಿಂದ ‘ಬಾಯಿ’ ಎನ್ನುತ್ತಾರೆ. ಅವರು ದನದ ಡಾಕ್ಟರು. ಬಸವಕಲ್ಯಾಣದಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡ ಮನೆಯಲ್ಲಿ ಅತ್ತೆಯೊಂದಿಗೆ ಇದ್ದರು. ಗಂಡನಿಗೆ ಸೊಲ್ಲಾಪುರದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರನಾಗಿ ನಿವೃತ್ತನಾದವನು. ಬೆಳಿಗ್ಗೆ ನನ್ನ ವ್ಯಾಯಾಮ ಮುಗಿಯುವುದಕ್ಕೂ ಅವರ ಬಿಳಿ ಕಾರು ಮುಡಬಿ ಕಡೆಗೆ ಹೊರಡುವುದಕ್ಕೂ ಸರಿಹೋಗುತ್ತಿತ್ತು. ಹೊತ್ತು ತಪ್ಪದ ಆ ಹೆಂಗಸಿನ ಮೇಲೆ ನನಗೆ ಮೊದಲಿನಿಂದ ಗೌರವ.

ಒಂದು ಮಳೆಗಾಲದಲ್ಲಿ ಆ ಕಾರು ಮುಡಬಿ ರಸ್ತೆಯಲ್ಲಿ ಜಾರಿತು. ಟ್ರ್ಯಾಕ್ಟರ್ ಗಾಲಿಗಳು ಹೊಲದಿಂದ ಹೊತ್ತು ತಂದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದು, ನೆನೆದು, ಬೆಣ್ಣೆಯಂತಾಗಿತ್ತು. ಕಾರು ಗಿರ್ರನೆ ತಿರುಗಿ ತೊಗರಿ ಹೊಲದಲ್ಲಿ ನಿಂತಿತು. ಗಾಯವೇನೂ ಆಗಲಿಲ್ಲ. ಆದರೆ ಅಂದಿನಿಂದ ರಸ್ತೆ ಒದ್ದೆಯಾದರೆ ಸಾಕು, ಎತ್ತಿನ ಗಾಡಿಯ ವೇಗದಲ್ಲಿ ಹೋಗತೊಡಗಿದರು. ಅದೇ ಮಳೆಗಾಲದಲ್ಲಿ, ಈಯಲಾರದೆ ಒದ್ದಾಡುತ್ತಿದ್ದ ಒಂದು ಎಮ್ಮೆಯ ಬಳಿಗೆ ತಡವಾಗಿ ತಲುಪಿದರು. ಕರುವೂ ಉಳಿಯಲಿಲ್ಲ, ಎಮ್ಮೆಯೂ ಉಳಿಯಲಿಲ್ಲ.

“ಬೀದರಿನಾಗ ಆಫೀಸ್ ಪೋಸ್ಟ್ ಖಾಲಿ ಅದ ಸರ್,” ಎಂದರು ಒಂದು ಸಂಜೆ, ಗೋಡೆಯ ಆಚೆಯಿಂದ. “ಕುರ್ಚಿ ಮ್ಯಾಲ ಕುಂತು ಸಹಿ ಮಾಡೋದು. ಅಲ್ಲಿ ನನ್ನ ಕೈಯಾಗ ಯಾವ ಎಮ್ಮಿನೂ ಸಾಯಂಗಿಲ್ಲ.”

ಆ ಮಾತು ನನಗೆ ಹಿಡಿಸಲಿಲ್ಲ. ಹೇಳಿದ ಅವರಿಗೂ ಹಿಡಿಸಿರಲಿಲ್ಲ ಎಂದು ಕಾಣುತ್ತದೆ. ಕೆಲವು ದಿನಗಳಲ್ಲೇ ಬೇರೊಂದು ಸುದ್ದಿ ತಂದರು. ಹೈದರಾಬಾದಿನ ಆಚೆ ಒಂದು ರೇಸ್ ಟ್ರ್ಯಾಕ್ ಇದೆ, ವರ್ಷದಲ್ಲಿ ಕೆಲವು ದಿನ ಸಾಮಾನ್ಯ ಜನ ತಮ್ಮದೇ ಕಾರು ತಂದು ಅಲ್ಲಿ ಓಡಿಸಬಹುದು, ಹೊಸಬರ ಪಕ್ಕದಲ್ಲಿ ಕಲಿಸುವವರು ಕೂರುತ್ತಾರೆ. ಎದುರಿಗೆ ಲಾರಿ ಬರುವುದಿಲ್ಲ, ಅಡ್ಡ ಆಡು ಬರುವುದಿಲ್ಲ.

“ಕಾರು ಎಲ್ಲೀ ತನಾ ಹಿಡೀತದ, ಎಲ್ಲಿ ಬಿಡ್ತದ, ಒಮ್ಮಿ ನೋಡಬೇಕ್ರಿ. ಅದು ತಿಳೀಲಿಲ್ಲಂದ್ರ ಸುಮ್ಮನ ಬೀದರಿಗೆ ಹೋಗ್ತೀನಿ.”

ಹಳೆಯ ಟೈರುಗಳು ವರ್ಷಗಟ್ಟಲೆ ಓಡಿ ಕೊನೆಗೂ ಸವೆದಿದ್ದವು. ಇದ್ದದ್ದು ಒಂದೇ ಕಾರು. ಟ್ರ್ಯಾಕಿಗೆ ಒಂದು ಜೊತೆ, ಹಳ್ಳಿ ರಸ್ತೆಗೆ ಇನ್ನೊಂದು ಜೊತೆ ಇಡುವ ಮಾತೇ ಇರಲಿಲ್ಲ. ಎರಡಕ್ಕೂ ಒದಗುವ ಟೈರು ಬೇಕಿತ್ತು. ಹುಮನಾಬಾದಿನ ಇದೇ ಅಂಗಡಿಗೆ ಅವರ ಜೊತೆ ನಾನೂ ಹೋದೆ.

ಅಂಗಡಿಯ ಭಾಯಿ ಗಟ್ಟಿ ರಬ್ಬರಿನ ಒಂದು ಟೈರನ್ನು ಉರುಳಿಸಿಕೊಂಡು ಬಂದು ಮುಂದಿಟ್ಟ. “ಇದು ಹಾಕ್ರಿ ಮೇಡಂ. ಹೈವೇ ಟ್ಯಾಕ್ಸಿದವರು ಎಲ್ಲಾ ಇದೇ ಒಯ್ತಾರ. ನಿಮ್ಮ ಕಾರು ಗುಜರಿಗೆ ಹೋದರೂ ಇದು ಸವಿಯಂಗಿಲ್ಲ.”

ಬೇಗ ಸವೆಯದ ಟೈರು ರಸ್ತೆಯನ್ನು ಹಿಡಿಯುವುದೂ ಕಡಿಮೆ. ಒದ್ದೆ ರಸ್ತೆಯಲ್ಲಿ ಜಾರಿದ ಹಳೆಯ ಟೈರುಗಳೂ ಅಂಥವೇ. ಟ್ರ್ಯಾಕಿಗೆ ಹೋಗಿ ಬಂದ ಒಬ್ಬರು ಫೋನಿನಲ್ಲಿ ಇದಕ್ಕೆ ತದ್ವಿರುದ್ಧ ಸಲಹೆ ಕೊಟ್ಟಿದ್ದರು: ರೇಸಿನವರು ಹಾಕುವ ಮೆತ್ತನೆಯ ಟೈರು. ಬಿಸಿಯಾದ ಒಣ ಡಾಂಬರಿಗೆ ಅದು ಅಂಟಿನಂತೆ ಹತ್ತುತ್ತದೆ, ನಿಜ. ಆದರೆ ಅದರಲ್ಲಿ ಗೆರೆಗಳು ಕಡಿಮೆ. ಮಳೆಯ ನೀರು ಹೊರಗೆ ಹೋಗಲು ದಾರಿ ಇಲ್ಲ. ನಮ್ಮ ಕಡೆಯ ರಸ್ತೆಯಲ್ಲಿ ಬೇಗನೇ ಸವೆದುಹೋಗುತ್ತದೆ ಕೂಡ.

“ಸರ್, ನೀವೇನಂತೀರಿ?”

ನಾನು ನನ್ನ ಮೈದಾನದ ಮಾತು ಹೇಳಿದೆ. “ಓಡೋದು ಕಲಿಯೋರಿಗೆ ನಾ ಮೊದಲ್ನೇ ವರ್ಷ ತಳಕ್ಕ ಮೊಳಿ ಇರೋ ಬೂಟು ಕೊಡ್ತಿದ್ದಿಲ್ಲ. ಕ್ಯಾನ್ವಾಸ್ ಬೂಟಿನ್ಯಾಗ ಓಡಿದರ ಕಾಲು ಎಲ್ಲಿ ತಪ್ತದ ಅಂತ ತಿಳೀತದ. ಮೊಳಿ ಬೂಟು ತಪ್ಪೆಲ್ಲಾ ಮುಚ್ಚಿ ಹಾಕ್ತದ.”

ಡಾಕ್ಟರ್ ಬಾಯಿ ತಲೆಯಾಡಿಸಿದರು. “ಟ್ರ್ಯಾಕಿನ್ಯಾಗ ಕಲಿಸೋರೂ ಫೋನಿನ್ಯಾಗ ಅದನ್ನೇ ಅಂದ್ರು. ಸಾದಾ ಛಲೋ ಟೈರು ಬಿಡೋಕಿಂತ ಮೊದಲ ಚೀರ್ತದಂತ. ಮೆತ್ತಂದು ಕಡೀ ತನಾ ಹಿಡಿದು ಒಮ್ಮೆಲೇ ಕೈ ಬಿಡ್ತದಂತ. ನನಗ ಚೀರೋದೇ ಇರಲಿ. ಸುಮ್ಮನಿದ್ದು ಒದೆಯೋ ಎಮ್ಮಿಗಿಂತ ಒದರೋ ಎಮ್ಮಿ ಪಾಡು.”

ನಡುವಿನದನ್ನು ಆರಿಸಿದೆವು. ರಸ್ತೆಗೆಂದೇ ಮಾಡಿದ್ದು, ಆದರೆ ಹಿಡಿತ ಚೆನ್ನಾಗಿರುವುದು, ನೀರು ಹರಿದುಹೋಗಲು ಆಳವಾದ ಗೆರೆಗಳಿರುವುದು. ಹೊಸದಾಗಿ ತಯಾರಾದದ್ದೇ ಎಂದು ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕೆಗಳನ್ನು ಓದಿ ಖಾತ್ರಿ ಮಾಡಿಕೊಂಡೆ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರು ಕಲ್ಲಾಗಿರುತ್ತದೆ. ನಾಲ್ಕೂ ಒಂದೇ ತರಹದವು. ಎರಡು ಹೊಸದು ಎರಡು ಹಳೆಯದು ಎಂಬ ರಾಜಿಗೆ ನಾನು ಒಪ್ಪುವವನಲ್ಲ. ಕಲ್ಲಿನಂತಾಗುವವರೆಗೆ ಗಾಳಿ ತುಂಬುವ ನಮ್ಮ ಭಾಗದ ಚಾಳಿಯನ್ನೂ ಅಲ್ಲೇ ತಡೆದೆ. ಕಾರು ಮಾಡಿದವರು ಬಾಗಿಲ ಅಂಚಿನಲ್ಲಿ ಬರೆದಷ್ಟೇ ಗಾಳಿ ಹಾಕಿಸಿದೆ. ಹೊಸ ಟೈರಿನ ನುಣುಪು ಹೋಗಲೆಂದು ಡಾಕ್ಟರ್ ಬಾಯಿ ಕೆಲವು ದಿನ ಅವುಗಳ ಮೇಲೆಯೇ ಹಳ್ಳಿಗಳಿಗೆ ಓಡಾಡಿದರು. ಯಾರಿಗೇ ಆಗಲಿ, ನಾನು ಇಂದಿಗೂ ಇದನ್ನೇ ಹೇಳುತ್ತೇನೆ.

ಹೈದರಾಬಾದಿಗೆ ಹೊರಡುವ ಬೆಳಿಗ್ಗೆ ಅವರ ಅತ್ತೆ ಕಾರಿಗೆ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಆರತಿ ಮಾಡಿದರು. ನಾನು ಪಕ್ಕದ ಸೀಟಿನಲ್ಲಿ ಕುಳಿತೆ. ನಮ್ಮ ಓಣಿಗೆ ಹಾಸಿದ್ದು ನುಣುಪಾದ ಶಹಾಬಾದಿ ಫರ್ಸಿ ಕಲ್ಲು. ದೊಡ್ಡ ರಸ್ತೆಯ ಕಡೆಗೆ ಇಳಿಜಾರು. ಓಣಿಯ ಬಾಯಲ್ಲಿ ಡಾಕ್ಟರ್ ಬಾಯಿ ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಅಡ್ಡವಾಗಿ ಜಾರಿ ಚರಂಡಿಯ ಅಂಚಿಗೆ ಹೋಗಿ ನಿಂತಿತು.

ಅವರು ಎಂಜಿನ್ ಆರಿಸಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು. 

“ಸಾಕ್ರಿ ಸರ್. ಟೈರಿಂದೇನು ತಪ್ಪಿಲ್ಲ. ನನ್ನ ಕೈಯಾಗೇ ಏನೋ ಅದ.”

ನಾನು ಇಳಿದು ಟೈರು ಮುಟ್ಟಿ ನೋಡಿದೆ. ಬೆರಳು ಮಿರಮಿರ ಮಿಂಚಿತು. ಮೂಸಿದೆ. ಕುಸುಬಿ ಎಣ್ಣೆ…

ಅಷ್ಟರಲ್ಲಿ ಅತ್ತೆ ಓಡಿ ಬಂದಿದ್ದರು. ಅವರು ದನ ಕಾಯುವ ಮನೆತನದಲ್ಲಿ ಹುಟ್ಟಿ ಬೆಳೆದವರು. “ನಾನೇ ಹಚ್ಚೀನಿ ಮಾಸ್ತರ. ಎತ್ತಿನ ಕೋಡಿಗಿ ಹಚ್ಚಂಗಿಲ್ಲೇನು? ಗಾಲಿ ಒಣಾ ಒಣಾ ಕಾಣಾಕತ್ತಿದ್ದವು. ದೂರ ಹೋಗೋ ಗಾಡಿ, ಕಾಲಿಗಿ ಎಣ್ಣಿ ಬ್ಯಾಡಾ?”

 ಡಾಕ್ಟರ್ ಬಾಯಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದರು. “ಅತ್ತಿ, ಪುಣ್ಯಾಕ್ಕ ಬ್ರೇಕಿಗಿ ಹಚ್ಚಿಲ್ಲ.”

“ಅದು ಎಲ್ಲಿರ್ತದ ತೋರಿಸು. ಉಳಿದದ್ದು ಅದಕ್ಕ ಹಚ್ತೀನಿ.”

ಸೋಪಿನ ಪುಡಿ, ತೆಂಗಿನ ನಾರು, ಬಕೆಟ್ಟು ಬಂದವು. ಅತ್ತೆಯೇ ಕುಳಿತು ನಾಲ್ಕೂ ಟೈರು ತಿಕ್ಕಿ ತೊಳೆದರು. ನಾನು ಕೀಲಿ ಹಿಂದಿರುಗಿಸಿ ಒಂದೇ ಮಾತು ಹೇಳಿದೆ: “ಜಾರಿದ್ದಕ್ಕ ಕಾರಣ ಇತ್ತು, ತೊಳದ್ವಿ. ಆವತ್ತು ಮುಡಬಿ ರಸ್ತಿಯಾಗೂ ಕಾರಣ ಇತ್ತು.”  ಅವರು ಕಾರು ಚಾಲೂ ಮಾಡಿದರು.

ಮರುದಿನ ಟ್ರ್ಯಾಕಿನಲ್ಲಿ ನಾನು ಬಿಸಿಲಿಗೆ ಕೊಡೆ ಹಿಡಿದು ಬೇಲಿಯ ಪಕ್ಕ ನಿಂತಿದ್ದೆ. ಮೊದಲ ಸುತ್ತುಗಳಲ್ಲಿ ಬಿಳಿ ಕಾರು ಮದುವೆ ಮೆರವಣಿಗೆಯಂತೆ ಸಾಗಿತು. ನಡುನಡುವೆ ಕಾರು ಹೊರಗೆ ಬಂದಾಗಲೆಲ್ಲ ಟೈರಿನ ಗಾಳಿ ಅಳೆದು, ಕಾವಿಗೆ ಏರಿದ್ದನ್ನು ಸ್ವಲ್ಪ ಬಿಟ್ಟು ಕಳಿಸುವುದು ನನ್ನ ಕೆಲಸ. ಮೆತ್ತನೆಯ ಟೈರಿನ ಒಂದು ಕಾರು ಸದ್ದಿಲ್ಲದೆ ತಿರುಗಿ ಹುಲ್ಲಿನಲ್ಲಿ ಬೆನ್ನು ಹಾಕಿ ನಿಂತದ್ದನ್ನೂ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ತಿರುವಿನಲ್ಲಿ ನಮ್ಮ ಟೈರು ಚೀರಿತು. ಮುಂದಿನ ಸುತ್ತಿನಲ್ಲೂ ಚೀರಿತು. ಕಾರು ದಾರಿ ಬಿಡಲಿಲ್ಲ.

ಅವರು ಹೆಲ್ಮೆಟ್ ತೆಗೆದಾಗ ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು. “ಹೇಳೇ ಬಿಡ್ತದ್ರಿ ಸರ್. ಕಾಲು ಸಡಿಲ ಮಾಡಿದರ ಮತ್ತ ಹಿಡೀತದ,” ಎಂದರು.

ಬೀದರಿನ ಮಾತು ಮತ್ತೆ ಬರಲಿಲ್ಲ. ವರ್ಷಕ್ಕೊಮ್ಮೆ ಟ್ರ್ಯಾಕು, ಉಳಿದಂತೆ ಮಳೆ ಇರಲಿ ಬಿಸಿಲಿರಲಿ ಮುಡಬಿ ರಸ್ತೆ… ಹಾಗೆ ಅವರು ಬಹಳ ವರ್ಷ ದುಡಿದರು. ಎರಡು ವರ್ಷದ ಹಿಂದೆ ಜ್ವರವೆಂದು ಮಲಗಿದವರು ಏಳಲಿಲ್ಲ. ಗಂಡ ಬಂದು ತಾಯಿಯನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಒಳ್ಳೆಯ ಜನ.

ಕಳೆದ ವಾರ ನಾನು ಅಂಥದೇ ಟೈರು ಹಾಕಿಸಿಕೊಂಡೆ. ಪಕ್ಕದ ಬೆಂಚಿನಲ್ಲಿ ಮುಡಬಿ ಕಡೆಯ ರೈತನೊಬ್ಬ ಟ್ರ್ಯಾಲಿಯ ಟೈರು ರಿಪೇರಿಗೆ ಕೊಟ್ಟು ಕುಳಿತಿದ್ದ. ನನ್ನನ್ನು ಹಿಂದೆ ಬಿಳಿ ಕಾರಿನಲ್ಲಿ ನೋಡಿದ್ದನಂತೆ.

“ಡಾಕ್ಟರ್ ಬಾಯಿ ಇದ್ದಾಗ, ಎಮ್ಮಿ ಈಯಾಕ ತ್ರಾಸ ತಗೊಂಡರ ಫೋನ್ ಮಾಡಿ ಹಂಡೇದಾಗ ನೀರು ಕಾಯಾಕ ಇಡ್ತಿದ್ವಿರಿ,” ಎಂದ. “ಮಳಿ ಇದ್ದರೂ ನೀರು ಕಾಯೋದಕ್ಕೂ ಅವರು ಬರೋದಕ್ಕೂ ಸರಿ ಆಗ್ತಿತ್ತು.”

“ಈಗ?” ಎಂದೆ.

“ಈಗಿನ ಡಾಕ್ಟರೂ ಛಲೋ ಇದ್ದಾರ್ರಿ. ಊರು ಬಾಳ, ಅವರೊಬ್ಬರು.” ಅವನು ರಸ್ತೆಯ ಕಡೆ ನೋಡಿದ. “ನೀರು ಈಗೂ ಇಡ್ತೀವಿ. ಕಾಯ್ತದ, ಆರ್ತದ, ಮತ್ತ ಕಾಯಿಸ್ತೀವಿ.”