ಟರ್ಬೊದ ಸಿಳ್ಳೆ

ಟೊಲೀಡೊ ನಗರದ ಹೊರವಲಯದ ಒಂದು ಬೀದಿಯಲ್ಲಿ ಶನಿವಾರ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿದ್ದರೆ, ಡೆಲ್ಮರ್ ಕ್ರೌಸ್ ತನ್ನ ಕಾರಿಗೆ ಮತ್ತೊಂದು ಹೊಸ ಮೂಗು ಕಟ್ಟುತ್ತಿದ್ದಾನೆ ಎಂದೇ ಅರ್ಥ. ಮೂಗೆಂದರೆ ಎಂಜಿನ್ನಿಗೆ ಗಾಳಿ ತುಂಬುತ್ತ ಸಿಳ್ಳೆ ಹೊಡೆಯುವ ಟರ್ಬೊಗೆ ಹೊರಗಿನ ಗಾಳಿ ಒಯ್ಯುವ ಕೊಳವೆ; ಅದನ್ನು ಅಂಗಡಿಯಿಂದ ತರುವವರೆಲ್ಲ ಅವನ ಪ್ರಕಾರ ಸೋಮಾರಿಗಳು. ಅವನದು ಸಿಂಕಿನ ಕೆಳಗೆ ಹಾಕುವ ಪ್ಲಾಸ್ಟಿಕ್ ಪೈಪು, ಹಳೆಯ ಟ್ರಕ್ಕಿನ ಫಿಲ್ಟರು, ಎರಡನ್ನೂ ಹಿಡಿದಿಡಲು ಬಿಗಿಪಟ್ಟಿ. ಪೈಪು ಬಿಚ್ಚಿದೊಡನೆ ಟರ್ಬೊದ ಬಾಯಿಗೆ ಕೆಂಪು ಬಟ್ಟೆ ತುರುಕುತ್ತಾನೆ, ಒಂದು ತಿರುಪು ಒಳಗೆ ಬಿದ್ದರೂ ಎಂಜಿನ್ ಹಾಳಾದೀತೆಂಬ ಭಯ. ಬಟ್ಟೆಯೇ ಒಳಗುಳಿದೀತೆಂಬ ಭಯಕ್ಕೆ ಅದರ ತುದಿಗೆ ಕಾರಿನ ಕೀ ಕಟ್ಟುತ್ತಾನೆ. ಗಂಟು ಬಿಚ್ಚಿಕೊಂಡೀತೆಂದು ಆಗಾಗ ಮುಟ್ಟಿ ನೋಡುತ್ತಾನೆ. ಎಲ್ಲ ಬಿಗಿದು ಎಂಜಿನ್ನಿಗೆ ರೇಸ್ ಕೊಟ್ಟ ಮೇಲೆ ಹೆಂಡತಿಯನ್ನು ಕೂಗುತ್ತಾನೆ. "ಲೊರೇನ್, ಸಿಳ್ಳೆ ಮತ್ತೆ ಕಮ್ಮಿ ಆಗಿದೆ ಕಣೇ, ಎಲ್ಲೋ ಗಾಳಿ ಸೋರ್ತಿದೆ." "ಕಮ್ಮಿನಾ? ಬೀದಿ ಕೊನೆ ಮನೆಯವ್ರೂ ಕಿಟಕಿ ಹಾಕ್ಕೊಂಡ್ರು! ಪೈಪು ಬಿಟ್ಟು ಮೊದ್ಲು ಕಿವಿ ತೋರ್ಸ್ಕೊಂಡ್ ಬಾ." "ನನ್ ಕಿವಿಗೇನಾಗಿದೆ? ಪೈಪೇ ಸಣ್ಣದಾಯ್ತು." ಎಂಜಿನ್ ಕಾರ್ಖಾನೆಯಲ್ಲಿ ದನಿ ಕೇಳಿಯೇ ದೋಷ ಹಿಡಿಯುವುದು ಅವನ ಜೀವಮಾನದ ಕೆಲಸವಾಗಿತ್ತು, ಅವನು ಕೆಟ್ಟಿದೆ ಎಂದ ಎಂಜಿನ್ನನ್ನು ಯಾರೂ ಎರಡನೆಯ ಸಲ ಪರೀಕ್ಷಿಸುತ್ತಿರಲಿಲ್ಲ. ಹಾಗಾಗಿ ಪ್ರತಿ ವಾರ ಪೈಪು ಇನ್ನಷ್ಟು ದಪ್ಪವಾಗುತ್ತದೆ. ಆದರೆ ಈಚೆಗೆ ರೇಸ್ ಕೊಡುವಾಗ ಅವನು ಎಂಜಿನ್ನಿನ ಕಡೆ ನೋಡುವುದಿಲ್ಲ, ಬಾಗಿಲಲ್ಲಿ ಮಲಗುವ ಪಕ್ಕದ ಮನೆಯ ನಾಯಿಯನ್ನು ನೋಡುತ್ತಾನೆ. ಸಿಳ್ಳೆಗೆ ಅದರ ಕಿವಿಗಳು ತಟ್ಟನೆ ನಿಮಿರುತ್ತವೆ. ಡೆಲ್ಮರ್ ಎಂಜಿನ್ ಆರಿಸಿ, ಸರಿಯಾಗಿಯೇ ಕೂತಿರುವ ಬಿಗಿಪಟ್ಟಿಯನ್ನು ಮತ್ತೆ ಸಡಿಲಿಸತೊಡಗುತ್ತಾನೆ.